ಕರ್ಮ ಬರೆ ಅಂದರೆ ಕ್ರಮ ಬರೆಯುವ ಮಕ್ಕಳು

ಭಾಷೆ ಮತ್ತು ಮನಸ್ಸಿನ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪ್ರಶ್ನೆಗಳಲ್ಲಿ ಈ ಸಲ ಎಂಟನ್ನು ತೆಗೆದುಕೊಂಡಿದ್ದೇವೆ. ಹೆಚ್ಚಿನವು ತಪ್ಪುಗಳ ಕುರಿತು. ಒಳ್ಳೆಯದೇ ಆಯಿತು. ಸರಿಯಾಗಿ ಆಡಿದ ಮಾತು ಒಳಗೆ ಹೇಗೆ ತಯಾರಾಯಿತೆಂದು ಬಿಟ್ಟುಕೊಡುವುದಿಲ್ಲ, ತಪ್ಪು ಮಾತು ಬಿಟ್ಟುಕೊಡುತ್ತದೆ.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಮೊದಲೆಲ್ಲ ‘ಕೊಟ್ಟೆ’, ‘ಬಿದ್ದೆ’ ಅಂತ ಸರಿಯಾಗೇ ಹೇಳುತ್ತಿದ್ದಳು. ಈಗ ಎರಡು ತಿಂಗಳಿಂದ ‘ತಮ್ಮಂಗೆ ಬಿಸ್ಕೀಟ್ ಕೊಡಿದೆ’, ‘ನಾನು ಬೀಳಿದೆ’ ಅನ್ನುತ್ತಾಳೆ. ಕಲಿತದ್ದು ಮರೆಯುತ್ತಿದ್ದಾಳೆಯೇ? ತಿದ್ದಬೇಕೇ? (ಅಂಕೋಲಾ)

ಉತ್ತರ: ಮರೆಯುತ್ತಿಲ್ಲ, ಮುಂದೆ ಹೋಗಿದ್ದಾಳೆ. ಮೊದಲು ‘ಕೊಟ್ಟೆ’ ಅಂದಾಗ ಅದು ಅವಳಿಗೆ ಕೇಳಿ ಬಾಯಿಪಾಠ ಆದ ಒಂದು ಇಡೀ ಪದ. ‘ಕೊಡು’ವಿಗೂ ಅದಕ್ಕೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ. ಈ ನಡುವೆ ‘ಮಾಡು–ಮಾಡಿದೆ’, ‘ನೋಡು–ನೋಡಿದೆ’, ‘ಓಡು–ಓಡಿದೆ’ ಕಿವಿಗೆ ಬಿದ್ದು ಬಿದ್ದು, ‘ಇದೆ’ ಸೇರಿಸಿದರೆ ನಿನ್ನೆಯ ಮಾತಾಗುತ್ತದೆ ಎಂಬ ನಿಯಮ ಅವಳೇ ಕಂಡುಕೊಂಡಿದ್ದಾಳೆ. ಹೊಸದಾಗಿ ಸಿಕ್ಕ ಕತ್ತಿಯಿಂದ ಕಂಡದ್ದನ್ನೆಲ್ಲ ಕಡಿಯುವ ಹಾಗೆ ಈಗ ಎಲ್ಲ ಕ್ರಿಯಾಪದಕ್ಕೂ ಅದನ್ನೇ ಹಚ್ಚುತ್ತಿದ್ದಾಳೆ. ಮೊದಲು ಸರಿ, ನಡುವೆ ತಪ್ಪು, ಕೊನೆಗೆ ಮತ್ತೆ ಸರಿ: ಇದು ಬೇರೆ ಬೇರೆ ಭಾಷೆಯ ಮಕ್ಕಳಲ್ಲಿ ಕಂಡ ದಾರಿ. ‘ಕೊಡಿದೆ’ ಅನ್ನುವವರು ನಿಮ್ಮ ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅಂದ ಮೇಲೆ ಅವಳು ಅದನ್ನು ಯಾರಿಂದಲೂ ಕೇಳಿ ಕಲಿತದ್ದಲ್ಲ.

ಇದನ್ನು ಮೊದಲು ಚೆಂದವಾಗಿ ತೋರಿಸಿದವರು ಅಮೆರಿಕದ ಜೀನ್ ಬರ್ಕೊ, 1958ರಲ್ಲಿ. ಹಕ್ಕಿಯಂಥ ಒಂದು ಚಿತ್ರ ತೋರಿಸಿ, ‘ವಗ್’ ಎಂಬ ಇಲ್ಲದ ಹೆಸರಿಟ್ಟು, ಎರಡಿದ್ದರೆ ಏನನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಎಂದೂ ಕೇಳದ ಪದಕ್ಕೆ ಮಕ್ಕಳು ಸರಿಯಾದ ಬಹುವಚನ ಹಚ್ಚಿದರು. ಕನ್ನಡದಲ್ಲಿ ನೀವೂ ಮಾಡಿ ನೋಡಬಹುದು. ಕೈ ವಿಚಿತ್ರವಾಗಿ ತಿರುಗಿಸುತ್ತ ‘ನೋಡು, ಅಣ್ಣ ಗೀಮುತ್ತಾನೆ. ನಿನ್ನೆಯೂ ಹೀಗೇ ಮಾಡಿದ. ನಿನ್ನೆ ಅಣ್ಣ ಏನು ಮಾಡಿದ?’ ಎಂದು ಕೇಳಿ, ಸುಮ್ಮನೆ ಕಾಯಿರಿ. ‘ಗೀಮಿದ’ ಅಂದರೆ ನಿಯಮ ಒಳಗೆ ಕೂತಿದೆ.

ಕನ್ನಡದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ‘ಕೊಡು’ ಅಪವಾದ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಬಿಡು, ಇಡು, ಸುಡು, ನೆಡು, ಕೆಡು, ಉಡು, ತೊಡು ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿ: ಬಿಟ್ಟ, ಇಟ್ಟ, ಸುಟ್ಟ, ನೆಟ್ಟ, ಕೆಟ್ಟ, ಉಟ್ಟ, ತೊಟ್ಟ. ಹ್ರಸ್ವದ ಮೇಲೆ ‘ಡು’ ಬಂದರೆ ‘ಟ್ಟ’, ದೀರ್ಘದ ಮೇಲೆ ಬಂದರೆ (ಮಾಡು, ಹಾಡು, ಬೇಡು) ‘ಡಿದ’. ಇದು ನಿಯಮದೊಳಗಿನ ಮರಿನಿಯಮ, ಮಗಳು ಇನ್ನೂ ಇಲ್ಲಿಗೆ ಬಂದಿಲ್ಲ, ಬರುತ್ತಾಳೆ. ‘ಬೀಳು’ ಮಾತ್ರ ಬೇರೆ ಜಾತಿ. ಕೇಳು–ಕೇಳಿದ, ಹೇಳು–ಹೇಳಿದ ಆದಮೇಲೆ ಬೀಳು ಮಾತ್ರ ಯಾಕೆ ‘ಬಿದ್ದ’ ಆಗಬೇಕು? ಏಳು–ಎದ್ದ ಬಿಟ್ಟರೆ ಅದಕ್ಕೆ ಜೊತೆಯೇ ಇಲ್ಲ. ಹಾಗಾಗಿ ‘ಕೊಡಿದೆ’ ಹೋದ ಮೇಲೂ ‘ಬೀಳಿದೆ’ ಸ್ವಲ್ಪ ದಿನ ಉಳಿದರೆ ಆಶ್ಚರ್ಯಪಡಬೇಡಿ. ದೊಡ್ಡವರಿಗೆ ‘ಮೊಡು’ ಎಂಬ ಸುಳ್ಳು ಪದ ಕೊಟ್ಟು ಭೂತಕಾಲ ಕೇಳಿ ನೋಡಿ. ‘ಮೊಟ್ಟ’ವೋ ‘ಮೊಡಿದ’ವೋ ಎಂದು ಮೇಷ್ಟ್ರುಗಳೂ ತಡವರಿಸಬಹುದು.

ತಿದ್ದುವುದೆಂದರೆ ‘ಹಾಗಲ್ಲ, ಹೀಗೆ ಹೇಳು’ ಎಂದು ಮಾತು ನಿಲ್ಲಿಸುವುದಾದರೆ ಬೇಡ. ಮಗು ಹೇಳುತ್ತಿದ್ದ ವಿಷಯ ಕೈತಪ್ಪುತ್ತದೆ, ರೂಪವೂ ಕೂರುವುದಿಲ್ಲ. ‘ಓ, ತಮ್ಮಂಗೆ ಬಿಸ್ಕೀಟ್ ಕೊಟ್ಟೆಯಾ? ಎಷ್ಟು ಕೊಟ್ಟೆ?’ ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ಎರಡು ಸಲ ಕೇಳಿಸಿ, ಮುಂದೆ ಹೋಗಿ.

ಪ್ರಶ್ನೆ: ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಮುಂದೆ ಶಾಲೆ ಇಂಗ್ಲಿಷು. ಮಗನಿಗೆ ಎರಡು ತುಂಬಿತು, ಮಾತು ಕಡಿಮೆ. ‘ಮೂರು ಭಾಷೆ ಸೇರಿ ತಲೆ ಕಲಸಿದೆ, ಕೊಂಕಣಿ ಬಿಡಿ’ ಎಂದು ಗೊತ್ತಿದ್ದವರೊಬ್ಬರು ಹೇಳುತ್ತಾರೆ. (ಕಾರವಾರ)

ಉತ್ತರ: ಬಿಡಬೇಡಿ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತೊಂದರೆ ಇರುವ ಮಗುವಿಗೆ ಒಂದು ಭಾಷೆ ಕಿತ್ತುಕೊಂಡರೆ ತೊಂದರೆ ಹೋಗುವುದೂ ಇಲ್ಲ. ಅಜ್ಜಿಯ ಜೊತೆಗಿನ ಮಾತು ಮಾತ್ರ ಹೋಗುತ್ತದೆ.

ಸಾಮಾನ್ಯವಾಗಿ ಎಡವುವುದು ಎಣಿಕೆಯಲ್ಲಿ. ಮಗುವಿನ ಪದಗಳನ್ನು ಒಂದು ವಾರ ಕ್ಯಾಲೆಂಡರಿನ ಹಿಂದೆ ಬರೆದಿಡಿ, ಎಲ್ಲ ಭಾಷೆಯದೂ ಒಂದೇ ಪಟ್ಟಿಯಲ್ಲಿ. ಕೊಂಕಣಿಯ ‘ಉದಕ’ ಒಂದು, ಕನ್ನಡದ ‘ನೀರು’ ಇನ್ನೊಂದು. ‘ಬಾಯ್’, ‘ಬಸ್ಸು’, ‘ಬೌಬೌ’ ಎಲ್ಲ ಲೆಕ್ಕ. ಉಚ್ಚಾರ ಸೊಟ್ಟಗಿದ್ದರೂ ಸರಿ, ಒಂದೇ ವಸ್ತುವಿಗೆ ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಅದು ಪದ. ಎರಡು ವರ್ಷಕ್ಕೆ ಒಟ್ಟು 50 ಪದ ಆಗಿ, ‘ಅಪ್ಪ ಬಾ’, ‘ಇನ್ನೂ ಹಾಲು’ ಥರ ಎರಡೆರಡು ಜೋಡಿಸುತ್ತಿದ್ದರೆ ಕಾಯಬಹುದು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆತರೆ ಅದು ಗೊಂದಲವಲ್ಲ. ಕಾರವಾರದ ಮೀನುಪೇಟೆಯಲ್ಲಿ ದೊಡ್ಡವರು ದಿನವೂ ಮಾಡುವುದು ಅದನ್ನೇ.

50ಕ್ಕಿಂತ ತೀರಾ ಕಡಿಮೆ ಇದ್ದರೆ, ಜೋಡಿ ಮಾತು ಇಲ್ಲದಿದ್ದರೆ, ಮೊದಲು ಮಾಡಿಸಬೇಕಾದದ್ದು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಎಂಬ ಲೆಕ್ಕ ತಪ್ಪು. ದಪ್ಪ ಸದ್ದು ಕೇಳಿಸಿಕೊಂಡು ‘ಸ’, ‘ಶ’ದಂಥ ತೆಳು ಸದ್ದು ಕೇಳದ ಮಕ್ಕಳಿದ್ದಾರೆ. ಪದೇಪದೇ ಶೀತವಾಗಿ ಕಿವಿಯೊಳಗೆ ನೀರು ತುಂಬಿದರೂ ಹೀಗಾಗುತ್ತದೆ. ಮಲಗಿದ ಮಗುವಿಗೇ ಮಾಡುವ ‘ಬೇರಾ’ ಪರೀಕ್ಷೆ ಇದೆ. 1965ರಿಂದ ನಡೆಯುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಪರೀಕ್ಷಿಸುವವರಿಗೆ ಮನೆಮಾತು ಕೊಂಕಣಿ ಎಂದು ಮೊದಲೇ ಹೇಳಿ. ಕನ್ನಡದ ಪದ ಮಾತ್ರ ಕೇಳಿ ಅಳೆದರೆ ಮಗುವಿನ ಅರ್ಧ ಮಾತು ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಪ್ರಶ್ನೆ: ಮೂರನೇ ತರಗತಿಯ ಮಕ್ಕಳು ಉಕ್ತಲೇಖನದಲ್ಲಿ ‘ಕರ್ಮ’ ಅಂದರೆ ‘ಕ್ರಮ’ ಬರೆಯುತ್ತಾರೆ. ಹತ್ತು ಸಲ ಬರೆಸಿದರೂ ಮರುದಿನ ಅದೇ. ಇದು ಡಿಸ್ಲೆಕ್ಸಿಯಾವೇ, ಅಂದರೆ ಓದು ಬರಹ ಕಲಿಯುವುದರಲ್ಲೇ ಇರುವ ತೊಂದರೆಯೇ? (ಶಿರಸಿಯ ಶಿಕ್ಷಕಿ)

ಉತ್ತರ: ಇಡೀ ತರಗತಿಗೆ ಒಂದೇ ತಪ್ಪು ಬರುತ್ತಿದ್ದರೆ ದೋಷ ಮಕ್ಕಳದ್ದಲ್ಲ, ನಮ್ಮ ಲಿಪಿ ಅಲ್ಲೊಂದು ಎಡವುಗಲ್ಲು ಇಟ್ಟಿದೆ. ‘ಕರ್ಮ’ವನ್ನು ಕಿವಿ ಕೇಳುವ ಸಾಲು: ಕ, ರ್, ಮ. ಕಣ್ಣು ನೋಡುವ ಸಾಲು: ಕ, ಮ, ಆಮೇಲೆ ಬಾಲದ ಹಾಗೆ ಅರ್ಕಾವತ್ತು. ಮೊದಲು ಕೇಳಿದ್ದನ್ನು ಕೊನೆಗೆ ಬರೆಯಬೇಕು. ಕೇಳಿದ ಸಾಲಿನಲ್ಲೇ ಬರೆಯಹೊರಟ ಮಗು ಕ ಆದ ತಕ್ಷಣ ರ ಇಡುತ್ತದೆ. ಕಕ್ಕೆ ರ ಇಡುವುದೆಂದರೆ ಅದಕ್ಕೆ ಗೊತ್ತಿರುವುದು ರ-ಒತ್ತು. ಆಯಿತಲ್ಲ ‘ಕ್ರಮ’! ಕಿವಿಗೆ ನಿಯತ್ತಾಗಿದ್ದ ಮಗುವೇ ಇಲ್ಲಿ ತಪ್ಪುವುದು.

ಕನ್ನಡದ ವರ್ಣಮಾಲೆ 49 ಎಂದು ನಾವು ಹೇಳಿಬಿಡುತ್ತೇವೆ. 34 ವ್ಯಂಜನಕ್ಕೆ ತಲಾ ಹದಿನೈದರಂತೆ ಕಾಗುಣಿತ ಹಿಡಿದರೆ ಐನೂರು ದಾಟಿತು, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ಒಂದು ಎರಡನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಹಬ್ಬುತ್ತದೆ, ಅಕ್ಷರದೊಳಗಿನ ಒಂಟಿ ಸದ್ದುಗಳನ್ನು ಬಿಡಿಸುವ ಅರಿವು ಇನ್ನೂ ನಿಧಾನವಾಗಿ ಬರುತ್ತದೆ ಎಂದು ಕಂಡಿದೆ. ‘ಕಾಗದ’ದಲ್ಲಿ ‘ಕಾ’ ಬಿಟ್ಟು ಹೇಳು ಅಂದರೆ ಮಗು ‘ಗದ’ ಅನ್ನುತ್ತದೆ. ‘ಮನೆ’ಯಲ್ಲಿ ‘ಮ್’ ಮಾತ್ರ ಬಿಟ್ಟು ಹೇಳು ಅಂದರೆ ‘ಅನೆ’ ಬರುವುದು ಕಷ್ಟ, ‘ನೆ’ ಅನ್ನುತ್ತದೆ. ಅದರ ಮಟ್ಟಿಗೆ ‘ಮ’ ಒಡೆಯಲಾಗದ ಒಂದೇ ಗಟ್ಟಿ ಉಂಡೆ.

ಹತ್ತು ಸಲ ಬರೆಸುವುದು ಕೈಗೆ ವ್ಯಾಯಾಮ, ಸಮಸ್ಯೆ ಇರುವುದು ಕಿವಿಗೂ ಕಣ್ಣಿಗೂ ನಡುವೆ. ಹೀಗೆ ಮಾಡಿ. ಪುಸ್ತಕ ಮುಚ್ಚಿಸಿ, ಮೊದಲು ಚಪ್ಪಾಳೆ: ‘ಕರ್–ಮ’, ‘ಕ್ರ–ಮ’. ಎರಡಕ್ಕೂ ಎರಡೇ ಚಪ್ಪಾಳೆ, ಆದರೆ ಒಂದರಲ್ಲಿ ರ ಮೊದಲ ಚಪ್ಪಾಳೆಯ ಕೊನೆಗೆ ನಿಲ್ಲುತ್ತದೆ. ‘ಕರ್ರ್ರ್’ ಎಂದು ಎಳೆದು, ಅಲ್ಲೇ ನಿಲ್ಲಿಸಿ, ನಾಲಿಗೆ ಎಲ್ಲಿದೆ ಎಂದು ಕೇಳಿ. ಎರಡೂ ಬೇರೆ ಎಂದು ಕಣ್ಣು ಮುಚ್ಚಿ ಗುರುತಿಸಲು ಬಂದ ಮೇಲಷ್ಟೇ ಬೋರ್ಡು. ಬೋರ್ಡಿನಲ್ಲಿ ಅರ್ಕಾವತ್ತು ಮಾತ್ರ ಕೆಂಪು ಚಾಕಿನಲ್ಲಿ ಬರೆದು, ಅದರಿಂದ ಹಿಂದಕ್ಕೆ, ಕ ಮತ್ತು ಮದ ನಡುವಿಗೆ ಒಂದು ಬಾಣ ಎಳೆಯಿರಿ: ‘ಬರೆಯುವಾಗ ಕೊನೆಗೆ, ಓದುವಾಗ ಇಲ್ಲಿ’. ನಂತರ ತರ್ಕ–ಚಕ್ರ, ಮಾರ್ಗ–ಅಗ್ರ, ಕೀರ್ತಿ–ರಾತ್ರಿ. ದಿನಕ್ಕೆ ಹತ್ತು ನಿಮಿಷ, ಒಂದು ವಾರಕ್ಕೆ ಐದು ಜೋಡಿಗಿಂತ ಹೆಚ್ಚು ಬೇಡ. ‘ಸ್ತ್ರೀ’, ‘ರಾಷ್ಟ್ರ’ ಈಗಲೇ ತರಬೇಡಿ.

ಉಳಿದವರು ದಾಟಿದ ಮೇಲೂ ಒಬ್ಬಿಬ್ಬರು ಅಲ್ಲೇ ನಿಂತರೆ, ಅವರಿಗೆ ಸರಳ ಕಾಗುಣಿತವೂ ತಡವರಿಸುತ್ತಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಓದಿನ ಕಷ್ಟ ಇದ್ದರೆ, ಆಗ ಡಿಸ್ಲೆಕ್ಸಿಯಾ ಪರೀಕ್ಷೆಗೆ ಕಳಿಸಿ.

ಪ್ರಶ್ನೆ: ಪತ್ರಿಕೆಯ ಕೆಲವು ವಾಕ್ಯ ಎರಡು ಸಲ ಓದದೆ ಅರ್ಥವಾಗುವುದಿಲ್ಲ. ಪದಗಳೆಲ್ಲ ಗೊತ್ತಿರುತ್ತವೆ. ನನ್ನ ಓದೇ ಮಂದವೇ? (ಯಲ್ಲಾಪುರದ ಪದವಿ ವಿದ್ಯಾರ್ಥಿ)

ಉತ್ತರ: ಈ ವಾಕ್ಯ ಓದಿ: ‘ಮಾಣಿ ಮೀನು ತಿಂದ ಬೆಕ್ಕನ್ನು ಓಡಿಸಿದ.’

‘ತಿಂದ’ದವರೆಗೆ ಮಾಣಿಯೇ, ಅಂದರೆ ಹುಡುಗನೇ, ಮೀನು ತಿಂದ. ಮೀನು ಮುಟ್ಟದ ಹವ್ಯಕರ ಮಾಣಿ ಎಂದು ಓದಿಕೊಂಡವರ ಎದೆ ಅರೆಕ್ಷಣ ಧಸಕ್ಕೆಂದಿರಬೇಕು! ‘ಬೆಕ್ಕನ್ನು’ ಬಂದ ಕೂಡಲೇ ಕಟ್ಟಿದ್ದೆಲ್ಲ ಬಿದ್ದು, ತಿಂದದ್ದು ಬೆಕ್ಕು, ಓಡಿಸಿದ್ದು ಮಾಣಿ ಎಂದು ಮತ್ತೆ ಕಟ್ಟಬೇಕಾಗುತ್ತದೆ. ಕಾರಣ, ‘ತಿಂದ’ ಎಂಬುದು ‘ತಿಂದನು’ವಿನ ಆಡುರೂಪವೂ ಹೌದು, ‘ತಿಂದ ಬೆಕ್ಕು’ ಎನ್ನುವಾಗಿನ ಕೃದಂತವೂ ಹೌದು. ಮನಸ್ಸು ವಾಕ್ಯ ಮುಗಿಯುವವರೆಗೆ ಕೈಕಟ್ಟಿ ಕಾಯುವುದಿಲ್ಲ. ಪದ ಬಿದ್ದ ಹಾಗೆ ಹತ್ತಿರದ, ಸುಲಭದ ಅರ್ಥ ಕಟ್ಟುತ್ತ ಹೋಗುತ್ತದೆ. ದಾರಿ ತಪ್ಪಿಸುವ ಇಂಥ ವಾಕ್ಯಗಳಿಗೆ ಇಂಗ್ಲಿಷಿನಲ್ಲಿ ಪ್ರಸಿದ್ಧ ಉದಾಹರಣೆ ಕೊಟ್ಟವರು ಥಾಮಸ್ ಬೀವರ್, 1970ರಲ್ಲಿ.

ವ್ಯಾಕರಣದ ಈ ಎಡವಟ್ಟಿಗೂ ಅರ್ಥದ ಎಡವಟ್ಟಿಗೂ ಮಿದುಳು ಬೇರೆ ಬೇರೆ ಥರ ಸ್ಪಂದಿಸುತ್ತದೆ. ‘ಅವನು ಬ್ರೆಡ್ಡಿಗೆ ಕಾಲುಚೀಲ ಹಚ್ಚಿದ’ ಎಂಬಂಥ ವಾಕ್ಯಗಳನ್ನು ಓದಿಸಿ, ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುವುದನ್ನು ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ತೋರಿಸಿದರು. ವಾಕ್ಯದ ಕಟ್ಟಡ ಕುಸಿದಾಗ ಏಳುವ ಅಲೆ ಅದಕ್ಕಿಂತ ತಡ, 600ರ ಆಸುಪಾಸು.

ಪಳಗಿದ ಓದುಗರ ಕಣ್ಣೂ ಸುಮ್ಮನೆ ಮುಂದೆ ಹೋಗುವುದಿಲ್ಲ. ಒಂದು ಕಡೆ ಕಾಲು ಸೆಕೆಂಡಿನಷ್ಟು ನಿಂತು, ಹಾರಿ, ನೂರಕ್ಕೆ ಹತ್ತು ಹದಿನೈದು ಸಲ ಹಿಂದಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಓದು ಮಂದವಲ್ಲ, ಬರೆದವರದ್ದೇ ಉದಾಸೀನ. ‘ಜಿಲ್ಲಾಧಿಕಾರಿ ಮಳೆಗೆ ಕುಸಿದ ಗುಡ್ಡದ ಮಣ್ಣು ತೆರವುಗೊಳಿಸಿದ ಸಿಬ್ಬಂದಿಯನ್ನು ಅಭಿನಂದಿಸಿದರು’ ಎಂಬಲ್ಲಿ ಜಿಲ್ಲಾಧಿಕಾರಿಯನ್ನು ಆರು ಪದ ದಾಟುವವರೆಗೆ ಹೊತ್ತುಕೊಂಡೇ ಇರಬೇಕು. ‘ಮಳೆಗೆ ಕುಸಿದ ಗುಡ್ಡದ ಮಣ್ಣು ತೆರವುಗೊಳಿಸಿದ ಸಿಬ್ಬಂದಿಯನ್ನು ಜಿಲ್ಲಾಧಿಕಾರಿ ಅಭಿನಂದಿಸಿದರು’ ಎಂದರೆ ಭಾರವೇ ಇಲ್ಲ. ಮಾಡಿದವರನ್ನು ಮಾಡಿದ ಕೆಲಸದ ಪಕ್ಕ ಕೂರಿಸಿ: ‘ಮೀನು ತಿಂದ ಬೆಕ್ಕನ್ನು ಮಾಣಿ ಓಡಿಸಿದ.’ ಬಾಯಲ್ಲಿ ಹೇಳುವಾಗ ‘ಮಾಣಿ’ ಆದಮೇಲೆ ಚೂರು ನಿಲ್ಲುತ್ತೇವಲ್ಲ, ಆ ನಿಲುಗಡೆಯೇ ಈ ಕೆಲಸ ಮಾಡುತ್ತದೆ. ಬರಹದಲ್ಲಿ ಅದು ಸಿಗುವುದಿಲ್ಲ.

ಪ್ರಶ್ನೆ: ಮೊಮ್ಮಗ ಅಮೆರಿಕದಲ್ಲಿದ್ದಾನೆ, ಎಂಟು ತಿಂಗಳು. ಅಲ್ಲಿ ಬೆಳೆದವರಿಗೆ ‘ತ’ ‘ಟ’ ವ್ಯತ್ಯಾಸವೇ ತಿಳಿಯುವುದಿಲ್ಲವಂತೆ, ಹೌದೇ? ವಿಡಿಯೋ ಕಾಲ್‌ನಲ್ಲಿ ಕನ್ನಡ ಮಾತಾಡಿದರೆ ಪ್ರಯೋಜನ ಇದೆಯೇ? (ಕುಮಟಾ)

ಉತ್ತರ: ಅಮ್ಮಾ, ನಿಮ್ಮ ಮೊಮ್ಮಗ ಸರಿಯಾದ ಹೊತ್ತಿನಲ್ಲೇ ಇದ್ದಾನೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಈ ‘ತ’ ‘ಟ’ವನ್ನೇ ಹಿಂದಿಯಿಂದ ತೆಗೆದುಕೊಂಡು ಪರೀಕ್ಷಿಸಿದ್ದರು (1984). ಸದ್ದು ಬದಲಾದಾಗ ತಲೆ ತಿರುಗಿಸಿದರೆ ಆಟಿಕೆ ಕಾಣುವ ಹಾಗೆ ಮಾಡಿ ನೋಡಿದಾಗ, ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಿನವು ಬಹುತೇಕ ಹಿಡಿಯಲಿಲ್ಲ. ಹಿಂದಿ ಮನೆಯ ಕೂಸುಗಳು ಆ ವಯಸ್ಸಿನಲ್ಲೂ ಹಿಡಿದವು. ಕಿವಿ ಕೆಟ್ಟದ್ದಲ್ಲ, ಸುತ್ತಲಿನ ಭಾಷೆಗೆ ಬೇಡದ ಗೆರೆಯನ್ನು ಮನಸ್ಸು ಅಳಿಸಿದ್ದು. ಇಂಗ್ಲಿಷಿನ ಸದ್ದು ನಮ್ಮ ತ, ಟ ಎರಡರ ನಡುವೆ, ಹಲ್ಲಿನ ಹಿಂದಿನ ಒಸಡಿನ ಮೇಲೆ ಹುಟ್ಟುತ್ತದೆ. ಹಾಗಾಗಿ ಎರಡೂ ಅವರಿಗೆ ಅದರ ಬುಟ್ಟಿಗೇ ಬೀಳುತ್ತವೆ. ದೊಡ್ಡವರಾದ ಮೇಲೂ ಕಲಿಯಬಹುದು, ಆದರೆ ಬೆವರು ಹರಿಸಬೇಕು.

ಕೇಳಿಸುವುದೆಂದರೆ ರೆಕಾರ್ಡು ಹಾಕಿಡುವುದಲ್ಲ. ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನಿ ಭಾಷೆ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಸದ್ದು ಕಲಿತವು, ಅದೇ ಮಾತನ್ನು ಟೀವಿಯಲ್ಲಿ ನೋಡಿದವು ಕಲಿಯಲಿಲ್ಲ. ವಿಡಿಯೋ ಕಾಲ್ ಇವೆರಡರ ನಡುವಿನದು. ಎರಡು ವರ್ಷ ದಾಟಿದ ಮಕ್ಕಳು ಅದರಲ್ಲಿ ಹೊಸ ಪದ ಕಲಿತದ್ದಿದೆ, ಆ ಕಡೆಯವರು ಮಗುವಿಗೆ ಆಗಿಂದಾಗ್ಗೆ ಉತ್ತರಿಸುತ್ತಿದ್ದಾಗ. ಆದ್ದರಿಂದ ಹಾಡು ಹೇಳಿ ಮುಗಿಸಬೇಡಿ. ಅವನು ‘ಬಾ’ ಅಂದರೆ ನೀವೂ ‘ಬಾ ಬಾ’ ಅನ್ನಿ, ಅವನು ಚಮಚ ಎತ್ತಿದರೆ ಚಮಚದ ಮಾತಾಡಿ. ಜೊತೆಗೆ ಮಗಳೋ ಸೊಸೆಯೋ ಮೀಯಿಸುವಾಗ, ಉಣಿಸುವಾಗ ಕನ್ನಡದಲ್ಲೇ ಮಾತಾಡಲಿ. ನಿಮ್ಮ ಹತ್ತು ನಿಮಿಷದ ಕಾಲ್‌ಗಿಂತ ಅದು ಹೆಚ್ಚು. ಸ್ವಲ್ಪ ದೊಡ್ಡವನಾದ ಮೇಲೆ ‘ಕತ್ತು–ಕಟ್ಟು’, ‘ಮುತ್ತು–ಮುಟ್ಟು’ ಆಟ ಆಡಿಸಿ.

ಪ್ರಶ್ನೆ: ವಯಸ್ಸು 68. ಗುರುತಿನವರ ಹೆಸರು ನಾಲಿಗೆ ತುದಿಯಲ್ಲೇ ಇರುತ್ತದೆ, ಬರುವುದಿಲ್ಲ. ‘ಗ’ದಿಂದ ಶುರು ಅಂತಲೂ ಗೊತ್ತು. ಮರೆವಿನ ರೋಗವೇ? (ಹೊನ್ನಾವರ)

ಉತ್ತರ: ‘ಗ’ ಅಂತ ಗೊತ್ತಿರುವುದೇ ಸಮಾಧಾನದ ಸಂಗತಿ. ಪದದ ಅರ್ಥ ಒಂದು ಕಡೆ, ಸದ್ದು ಇನ್ನೊಂದು ಕಡೆ ಇರುತ್ತದೆ. ಅರ್ಥ ಸಿಕ್ಕಿ ಸದ್ದಿನ ಎಳೆ ಪೂರ್ತಿ ಬಿಚ್ಚದಾಗ ಹೀಗಾಗುತ್ತದೆ. ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ‘ನಾವಿಕರು ಕೋನ ಅಳೆಯುವ ಉಪಕರಣ’ ಎಂಬಂಥ ವಿವರಣೆ ಕೊಟ್ಟು ಪದ ಕೇಳಿದಾಗ, ‘ಸೆಕ್ಸ್‌ಟಂಟ್’ ಬಾಯಿಗೆ ಬಾರದೆ ಒದ್ದಾಡಿದ ಎಳೆ ವಿದ್ಯಾರ್ಥಿಗಳೂ ಅರ್ಧಕ್ಕಿಂತ ಹೆಚ್ಚು ಸಲ ಮೊದಲ ಅಕ್ಷರ ಸರಿಯಾಗಿ ಹೇಳಿದರು. ವಯಸ್ಸಾದಂತೆ ಇದು ಹೆಚ್ಚುವುದು ಸಹಜ.

ಹೆಸರೇ ಯಾಕೆ? ‘ಅವರು ಆಚಾರಿ ಕೆಲಸ ಮಾಡುತ್ತಾರೆ’ ಅಂದರೆ ಉಳಿ, ಮರ, ಬಾಗಿಲು ಎಲ್ಲ ನೆನಪಿಗೆ ಕೊಕ್ಕೆ. ‘ಅವರ ಅಡ್ಡಹೆಸರು ಆಚಾರಿ’ ಅಂದರೆ ಹಿಡಿಯಲು ಕೊಕ್ಕೆಯೇ ಇಲ್ಲ. ಪದ ಅದೇ, ಮರೆಯುವುದು ಹೆಸರನ್ನೇ. ಸಿಗದಾಗ ಹಟ ಹಿಡಿದು ತಿಣುಕಬೇಡಿ. ತಪ್ಪು ಹೆಸರೊಂದು ದಾರಿಗೆ ಅಡ್ಡ ನಿಂತಿರುತ್ತದೆ, ತಿಣುಕಿದಷ್ಟೂ ಅದೇ ಗಟ್ಟಿಯಾಗುತ್ತದೆ. ಬಿಟ್ಟು ಬೇರೆ ಮಾತಾಡಿ, ಇಲ್ಲವೇ ಕೇಳಿ ತಿಳಿದುಕೊಳ್ಳಿ. ಸಿಕ್ಕ ಕೂಡಲೇ ಎರಡು ಮೂರು ಸಲ ಬಾಯಿಬಿಟ್ಟು ಹೇಳಿ.

ಲೋಟ, ಚಪ್ಪಲಿಯಂಥ ದಿನದ ಪದಗಳೇ ತಪ್ಪುತ್ತಿದ್ದರೆ, ಹೇಳಿದ್ದನ್ನೇ ಅರಿವಿಲ್ಲದೆ ಮತ್ತೆ ಹೇಳುತ್ತಿದ್ದರೆ ವೈದ್ಯರಿಗೆ ತೋರಿಸಿ. ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅಥವಾ ನಿಂತರೆ ಮಾತ್ರ ಅದು ಮರೆವಲ್ಲ, ಪಾರ್ಶ್ವವಾಯು ಇರಬಹುದು. ತಕ್ಷಣ 108. ರಕ್ತದ ಗಡ್ಡೆ ಕರಗಿಸುವ ಮದ್ದು ಕೊಡಬಹುದಾದ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ನಮ್ಮ ಜಿಲ್ಲೆಯ ದಾರಿಗೇ ಅದರಲ್ಲಿ ಅರ್ಧ ಹೋಗುತ್ತದೆ.

ಪ್ರಶ್ನೆ: ನಮ್ಮ ಹವಿಗನ್ನಡದಲ್ಲಿ ‘ಅಕ್ಕ ಬಂತು’. ಶಾಲೆಯಲ್ಲಿ ಇದಕ್ಕೆ ಕೆಂಪು ಗೆರೆ. ಹೆಂಗಸರನ್ನು ವಸ್ತುವಿನಂತೆ ಕಾಣುವ ಬುದ್ಧಿ ಈ ಭಾಷೆಯಲ್ಲಿ ಇದೆ ಎನ್ನುತ್ತಾರೆ. (ಸಿದ್ದಾಪುರ)

ಉತ್ತರ: ಹಾಗೆ ಹೇಳುವವರೂ ‘ಮಗು ಬಂತು’ ಎನ್ನುತ್ತಾರೆ, ಮಗುವನ್ನು ವಸ್ತುವೆಂದು ತಿಳಿದು ಅಲ್ಲ. ತೆಲುಗಿನಲ್ಲೂ ‘ಅಮ್ಮ ವಚ್ಚಿಂದಿ’ ಎಂದರೆ ನಪುಂಸಕದ ರೂಪವೇ. ಜರ್ಮನ್ನಿನಲ್ಲಿ ಹುಡುಗಿ ಎಂಬ ಪದವೇ ನಪುಂಸಕಲಿಂಗ. ವ್ಯಾಕರಣದ ಲಿಂಗ ಒಂದು ಹೊಂದಾಣಿಕೆಯ ಏರ್ಪಾಡು, ಅದರಿಂದ ಮನಸ್ಸಿನ ಗೌರವ ಅಳೆಯಲಾಗದು. ಭಾಷೆ ಯೋಚನೆಯನ್ನು ಅಲ್ಪಸ್ವಲ್ಪ ಬಾಗಿಸುವುದುಂಟು. ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಪದ ಇರುವ ರಷ್ಯನ್ನರು ಆ ಗಡಿಯಲ್ಲಿ ಬಣ್ಣ ಬೇರ್ಪಡಿಸುವುದರಲ್ಲಿ ತುಸು ಚುರುಕು ಎಂದು 2007ರ ಪ್ರಯೋಗವೊಂದು ತೋರಿಸಿತು. ಮಿಲಿಸೆಕೆಂಡುಗಳ ಲೆಕ್ಕ ಅದು. ಶಾಲೆಯ ಬರಹದಲ್ಲಿ ‘ಅಕ್ಕ ಬಂದಳು’ ಕಲಿಯಲಿ, ಕೆಂಪು ಗೆರೆಯ ಪಕ್ಕ ‘ಮನೆಮಾತಿನಲ್ಲಿ ಸರಿ’ ಎಂದು ಮೇಷ್ಟ್ರು ಬರೆಯಲಿ.

ಪ್ರಶ್ನೆ: ಕಿವಿ ಮಂದವಾದ ಅಜ್ಜ ‘ಕನ್ನಡಕ ಕೊಡು, ಮಾತು ಕೇಳುತ್ತಿಲ್ಲ’ ಎನ್ನುತ್ತಾರೆ. ನಾವು ನಗುತ್ತೇವೆ. (ಕಾರವಾರ)

ಉತ್ತರ: ನಗಬೇಡಿ, ಕನ್ನಡಕ ಕೊಡಿ. ಮಾತನ್ನು ಕಣ್ಣೂ ಕೇಳುತ್ತದೆ. ‘ಬಾ’ ಎಂಬ ಸದ್ದಿಗೆ ‘ಗಾ’ ಎನ್ನುವ ಬಾಯಿಯ ಚಿತ್ರ ಜೋಡಿಸಿದರೆ ಹೆಚ್ಚಿನವರಿಗೆ ‘ದಾ’ ಕೇಳುತ್ತದೆ ಎಂದು ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲೇ ತೋರಿಸಿದ್ದಾರೆ. ಅಜ್ಜನ ಎದುರು ಒಂದು ಮೀಟರಿನಲ್ಲಿ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನೋಡಿಕೊಳ್ಳಿ. ಕಿಟಕಿಗೆ ಬೆನ್ನು ಹಾಕಿದರೆ ಬಾಯಿ ಕಪ್ಪಾಗಿ ಕಾಣುತ್ತದೆ. ಕಿರುಚಬೇಡಿ, ಕಿರುಚಿದಾಗ ತುಟಿಯ ಆಕಾರ ಕೆಡುತ್ತದೆ. ಪ, ಬ, ಮ ತುಟಿಯಲ್ಲಿ ಒಂದೇ ಥರ ಕಾಣುವುದರಿಂದ ‘ಪಾಲು’, ‘ಬಾಲು’, ‘ಮಾಲು’ ಗೊಂದಲವಾದರೆ ಅದನ್ನೇ ಮತ್ತೆ ಹೇಳದೆ ಬೇರೆ ಪದ ಬಳಸಿ. ಬಾಯಲ್ಲಿ ಕವಳ ಇದ್ದರೆ ಮೊದಲು ಉಗುಳಿ ಬನ್ನಿ.